ಅಂಬೆಗಾಲಿಡದ ಮಗು ಮುಂದೆ ಓದಿನಲ್ಲಿ ಹಿಂದೆ ಬೀಳುತ್ತಾ?

ಪ್ರಶ್ನೆ: ನನ್ನ ಮಗಳಿಗೆ ಈಗ 11 ತಿಂಗಳು. 35 ವಾರಕ್ಕೇ ಹೆರಿಗೆ ಆಯಿತು, ಒಂದು ವಾರ ಎನ್‌ಐಸಿಯುನಲ್ಲಿ (ನವಜಾತ ಶಿಶುಗಳ ತೀವ್ರ ನಿಗಾ ಘಟಕ) ಇಟ್ಟಿದ್ದರು. 8 ತಿಂಗಳಿಗೆ ತಾನೇ ಕೂತಳು. ಆದರೆ ಇನ್ನೂ ಅಂಬೆಗಾಲು ಇಟ್ಟಿಲ್ಲ. ಕೂತುಕೊಂಡೇ ಅಂಡು ಸರಿಸಿಕೊಂಡು ಮನೆಯೆಲ್ಲ ಓಡಾಡುತ್ತಾಳೆ. ಕಂಕುಳಿಗೆ ಕೈ ಕೊಟ್ಟು ನಿಲ್ಲಿಸಲು ಹೋದರೆ ಎರಡೂ ಕಾಲು ಮೇಲಕ್ಕೆ ಎತ್ತಿಕೊಳ್ಳುತ್ತಾಳೆ. ನಾದಿನಿಯ ಮಗು 10 ತಿಂಗಳಿಗೇ ನಡೆಯಿತು. ಅತ್ತೆ "ಇವಳಪ್ಪನೂ ಹಿಂಗೇ ಮಾಡ್ತಿದ್ದ, ಸುಮ್ನಿರು" ಅಂತಾರೆ. ವಾಟ್ಸಾಪ್‌ನಲ್ಲಿ ಬಂದ ಒಂದು ವಿಡಿಯೋದಲ್ಲಿ, ಅಂಬೆಗಾಲಿಡದ ಮಕ್ಕಳಿಗೆ ಮಿದುಳಿನ ಎರಡು ಭಾಗ ಸರಿಯಾಗಿ ಜೋಡಣೆ ಆಗಲ್ಲ, ಮುಂದೆ ಓದೋಕೆ ಬರೆಯೋಕೆ ಕಷ್ಟ ಆಗುತ್ತೆ ಅಂತ ಹೇಳಿದ್ದರು. ಅದನ್ನು ನೋಡಿದ ಮೇಲೆ ನಿದ್ದೆ ಬರುತ್ತಿಲ್ಲ. ಮನೆಯವರು ವಾಕರ್ ತಂದಿದ್ದಾರೆ. ಕಾಯಬೇಕಾ, ಡಾಕ್ಟರ್ ಹತ್ತಿರ ಹೋಗಬೇಕಾ?

ಉತ್ತರ:

ಅಂಬೆಗಾಲಿಡಲಿಲ್ಲ ಅನ್ನೋ ಒಂದೇ ಕಾರಣಕ್ಕೆ ನಿಮ್ಮ ಮಗಳ ಓದು ಬರಹ ಕೆಡುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಇವತ್ತು ರಾತ್ರಿ ನೀವು ನಿದ್ದೆ ಮಾಡಬೇಕು. ಆದರೂ ಒಮ್ಮೆ ತೋರಿಸಿ. ಈ ಎರಡೂ ಮಾತು ಒಟ್ಟಿಗೆ ಹೇಗೆ ಸರಿ ಅಂತ ವಿವರಿಸಲು ಸ್ವಲ್ಪ ಉದ್ದ ಬರೆಯಬೇಕಾಗುತ್ತೆ.

ಮೊದಲು ವಯಸ್ಸಿನ ಲೆಕ್ಕ ಸರಿ ಮಾಡೋಣ. ನಿಮ್ಮ ಮಗಳು 5 ವಾರ ಮುಂಚೆ ಹುಟ್ಟಿದವಳು. ಅವಧಿಗೆ ಮುಂಚೆ ಹುಟ್ಟಿದ ಮಕ್ಕಳ ಬೆಳವಣಿಗೆಯನ್ನು ಹುಟ್ಟಿದ ದಿನದಿಂದ ಎಣಿಸಬಾರದು. ಡಾಕ್ಟರ್ ಕೊಟ್ಟಿದ್ದ ಹೆರಿಗೆ ದಿನಾಂಕದಿಂದ ಎಣಿಸಬೇಕು. ಇದಕ್ಕೆ ಕರೆಕ್ಟೆಡ್ ಏಜ್ ಅಂತಾರೆ, 2 ವರ್ಷದವರೆಗೂ ಹೀಗೇ ಲೆಕ್ಕ ಹಾಕುತ್ತೇವೆ. ಆ ಪ್ರಕಾರ ಅವಳಿಗೆ ಇನ್ನೂ 10 ತಿಂಗಳು ತುಂಬಿಲ್ಲ. ಅವಳು ತಾನಾಗಿ ಕೂತಿದ್ದು 7 ತಿಂಗಳಿಗೂ ಸ್ವಲ್ಪ ಮುಂಚೆಯೇ ಆಯಿತು. ನಾದಿನಿಯ ಮಗುವಿನ ಜೊತೆ ಹೋಲಿಸುವಾಗ ಈ 5 ವಾರವನ್ನು ಮನೆಯಲ್ಲಿ ಯಾರೂ ಕಳೆದಿರುವುದಿಲ್ಲ, ಅಲ್ವಾ?

ಇನ್ನು ಯಾವ ವಯಸ್ಸು "ಸರಿಯಾದ" ವಯಸ್ಸು ಅನ್ನೋ ವಿಷಯ. ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಒಂದು ದೊಡ್ಡ ಅಧ್ಯಯನದ ಫಲಿತಾಂಶ ಪ್ರಕಟಿಸಿತು. ಭಾರತ, ಘಾನಾ, ನಾರ್ವೆ, ಒಮಾನ್, ಅಮೆರಿಕ, ಈ ಐದು ದೇಶಗಳ 816 ಆರೋಗ್ಯವಂತ ಮಕ್ಕಳನ್ನು ತಿಂಗಳು ತಿಂಗಳು ನೋಡಿ ಬರೆದಿಟ್ಟ ಲೆಕ್ಕ ಅದು. ಭಾರತದ ಮಕ್ಕಳು ದೆಹಲಿಯವರು. ಆಧಾರವಿಲ್ಲದೆ ಕೂರುವುದು 3.8 ತಿಂಗಳಿಂದ 9.2 ತಿಂಗಳೊಳಗೆ. ಅಂಬೆಗಾಲು 5.2ರಿಂದ 13.5 ತಿಂಗಳು. ತಾನೇ ನಡೆಯುವುದು 8.2ರಿಂದ 17.6 ತಿಂಗಳು. ಎಷ್ಟು ಅಗಲವಾದ ಅಂತರ ನೋಡಿ! 9 ತಿಂಗಳಿಗೆ ನಡೆದ ಮಗುವೂ 17 ತಿಂಗಳಿಗೆ ನಡೆದ ಮಗುವೂ ಒಂದೇ ಸಾಲಿನ ಆರೋಗ್ಯವಂತ ಮಕ್ಕಳು. ಅದೇ ಅಧ್ಯಯನದಲ್ಲಿ ಶೇಕಡಾ 4ಕ್ಕಿಂತ ಸ್ವಲ್ಪ ಜಾಸ್ತಿ ಮಕ್ಕಳು ಕೈ ಮತ್ತು ಮಂಡಿ ಊರಿ ಅಂಬೆಗಾಲಿಡಲೇ ಇಲ್ಲ, ಸೀದಾ ಮುಂದಿನ ಹಂತಕ್ಕೆ ಹೋದರು. ಅಮೆರಿಕದ ಸರ್ಕಾರಿ ಆರೋಗ್ಯ ಸಂಸ್ಥೆ ಸಿಡಿಸಿ 2022ರಲ್ಲಿ ತನ್ನ ಬೆಳವಣಿಗೆಯ ಪಟ್ಟಿಯನ್ನು ತಿದ್ದಿದಾಗ ಅಂಬೆಗಾಲನ್ನು ಪಟ್ಟಿಯಿಂದಲೇ ತೆಗೆದುಹಾಕಿತು. ಎಲ್ಲ ಮಕ್ಕಳೂ ಅದನ್ನು ಮಾಡುವುದಿಲ್ಲ ಅನ್ನೋದು ಒಂದು ಕಾರಣ. ಆ ತೀರ್ಮಾನಕ್ಕೆ ಫಿಸಿಯೋಥೆರಪಿಸ್ಟ್‌ಗಳಲ್ಲಿ ಬಹಳ ಜನ ಒಪ್ಪಲಿಲ್ಲ. ನನ್ನ ಅಭಿಪ್ರಾಯ ಕೇಳಿದರೆ, ಅಂಬೆಗಾಲಿಟ್ಟರೆ ಒಳ್ಳೆಯದು, ಭುಜ, ಮಣಿಕಟ್ಟು, ಸೊಂಟ ಗಟ್ಟಿಯಾಗುತ್ತೆ. ಇಡದಿದ್ದರೆ ಅದೊಂದೇ ರೋಗದ ಗುರುತಲ್ಲ.

ಹಾಗಾದರೆ ಆ ವಿಡಿಯೋದ ಮಾತು ಎಲ್ಲಿಂದ ಬಂತು? ಅದಕ್ಕೂ ಒಂದು ಇತಿಹಾಸ ಇದೆ. 1960ರ ದಶಕದಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಗ್ಲೆನ್ ಡೋಮನ್ ಮತ್ತು ಕಾರ್ಲ್ ಡೆಲಕಾಟೊ ಅನ್ನುವ ಇಬ್ಬರು ಒಂದು ಸಿದ್ಧಾಂತ ಹೇಳಿದರು. ತೆವಳುವುದು, ಅಂಬೆಗಾಲು, ನಡಿಗೆ, ಈ ಮೆಟ್ಟಿಲುಗಳಲ್ಲಿ ಒಂದು ತಪ್ಪಿದರೂ ಮಿದುಳಿನ ಸಂಘಟನೆ ಅರ್ಧಕ್ಕೆ ನಿಲ್ಲುತ್ತೆ, ಓದಿನ ತೊಂದರೆ ಬರುತ್ತೆ, ದೊಡ್ಡ ಮಕ್ಕಳನ್ನು ಮತ್ತೆ ಅಂಬೆಗಾಲಿಡಿಸಿದರೆ ಅದು ಸರಿಹೋಗುತ್ತೆ ಅಂತ. ತಂದೆತಾಯಿಗಳು ದಿನಕ್ಕೆ ಎಷ್ಟೋ ಹೊತ್ತು ಮಗುವಿನ ಕೈಕಾಲು ಹಿಡಿದು ಅಂಬೆಗಾಲಿನ ಥರ ಆಡಿಸಬೇಕಿತ್ತು. ಅದಕ್ಕೆ ಪ್ಯಾಟರ್ನಿಂಗ್ ಅಂತ ಹೆಸರು. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 1982ರಲ್ಲೂ ಮತ್ತೆ 1999ರಲ್ಲೂ ಇದಕ್ಕೆ ಆಧಾರ ಇಲ್ಲ ಎಂದು ಸ್ಪಷ್ಟವಾಗಿ ಹೇಳಿತು. ಆದರೆ ಮಾತು ಮಾತ್ರ ಸಾಯಲಿಲ್ಲ. ಈಗ ವಾಟ್ಸಾಪ್‌ನಲ್ಲಿ ಓಡಾಡುತ್ತಿರುವುದು ಅದೇ. ಮಿದುಳಿನ ಎರಡೂ ಬದಿ ಒಟ್ಟಿಗೆ ಕೆಲಸ ಮಾಡೋಕೆ ಮಗುವಿಗೆ ದಿನವಿಡೀ ನೂರು ಅವಕಾಶ ಸಿಗುತ್ತೆ. ಆಟಿಕೆಯನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸುವುದು, ಚಪ್ಪಾಳೆ ತಟ್ಟುವುದು, ಕೂತಲ್ಲೇ ತಿರುಗಿ ಹಿಂದಿದ್ದ ಲೋಟ ಎತ್ತಿಕೊಳ್ಳುವುದು, ಇದೆಲ್ಲವೂ ಅದೇ ಕೆಲಸ.

ಪಪುವಾ ನ್ಯೂಗಿನಿಯ ಆವು ಜನರ ಮಕ್ಕಳು ಅಂಬೆಗಾಲಿಡುವುದೇ ಅಪರೂಪ. ಅಲ್ಲಿ ಕೂಸನ್ನು ಹೆಚ್ಚು ಹೊತ್ತು ಜೋಲಿಯಲ್ಲಿ ಹೊತ್ತುಕೊಂಡೇ ಇರುತ್ತಾರೆ, ಮಣ್ಣಿನ ನೆಲಕ್ಕೆ ಬಿಡುವುದು ಕಡಿಮೆ. ಆ ಮಕ್ಕಳು ನಡೆಯೋಕೆ ಮುಂಚೆ ಮಾಡುವುದು ಏನು ಗೊತ್ತಾ? ನಿಮ್ಮ ಮಗಳು ಮಾಡುವುದೇ, ಕೂತು ಅಂಡು ಸರಿಸುವುದು. ತಜಿಕಿಸ್ತಾನದಲ್ಲಿ ಗಹ್ವೊರಾ ಅನ್ನುವ ತೊಟ್ಟಿಲಿನಲ್ಲಿ ಮಗುವನ್ನು ಬಟ್ಟೆಯಿಂದ ಕಟ್ಟಿ ದಿನದ ಬಹುಪಾಲು ಹೊತ್ತು ಮಲಗಿಸುತ್ತಾರೆ. ಅಲ್ಲಿನ ಮಕ್ಕಳು ಕೂರುವುದು, ನಡೆಯುವುದು ಎಲ್ಲ ತಡ. ಆದರೆ 4-5 ವರ್ಷದ ಹೊತ್ತಿಗೆ ಓಡುವುದರಲ್ಲಿ, ಜಿಗಿಯುವುದರಲ್ಲಿ ಬೇರೆ ದೇಶದ ಮಕ್ಕಳಿಗಿಂತ ಹಿಂದೆ ಇರಲಿಲ್ಲ ಎಂದು ಅಧ್ಯಯನ ಮಾಡಿದವರು ಬರೆದಿದ್ದಾರೆ. ಇದಕ್ಕೆ ತದ್ವಿರುದ್ಧ ಕೀನ್ಯಾದ ಕಿಪ್ಸಿಗಿಸ್ ಜನ. ಅವರು ಕೂಸಿಗೆ ಬೇಕಂತಲೇ ಕೂರುವುದು, ನಡೆಯುವುದು ಕಲಿಸುತ್ತಾರೆ. ಕಲಿಸಿದ ಆ ಎರಡರಲ್ಲಿ ಮಕ್ಕಳು ಅಮೆರಿಕದ ಮಕ್ಕಳಿಗಿಂತ ಸುಮಾರು ಒಂದು ತಿಂಗಳು ಮುಂದೆ, ಕಲಿಸದ ಅಂಬೆಗಾಲಿನಲ್ಲಿ ಮುಂದೆ ಇಲ್ಲ. ಚಾರ್ಲ್ಸ್ ಸೂಪರ್ ಅನ್ನುವ ಸಂಶೋಧಕರು 1976ರಲ್ಲಿ ಇದನ್ನು ಬರೆದರು. ಅಂದರೆ ಯಾವ ತಿಂಗಳಿಗೆ ಏನು ಅನ್ನುವುದರಲ್ಲಿ ಮನೆಯ ರೂಢಿ, ಮಗುವಿನ ತೂಕ, ನೆಲ, ಬಟ್ಟೆ, ಅಪ್ಪ ಅಮ್ಮನಿಂದ ಬಂದ ಗುಣ, ಎಲ್ಲವೂ ಸೇರಿಕೊಂಡಿರುತ್ತೆ. ಜ್ಯೂರಿಕ್‌ನಲ್ಲಿ ಮಕ್ಕಳನ್ನು ಹುಟ್ಟಿದಾಗಿನಿಂದ 18 ವರ್ಷದವರೆಗೂ ನೋಡಿದ ಅಧ್ಯಯನದಲ್ಲೂ, ಆರೋಗ್ಯವಂತ ಮಕ್ಕಳಲ್ಲಿ ನಿಂತ, ನಡೆದ ವಯಸ್ಸಿಗೂ ಮುಂದಿನ ಬುದ್ಧಿಶಕ್ತಿಗೂ ಸಂಬಂಧ ತೀರಾ ಸಡಿಲ ಅಂತಲೇ ಕಂಡುಬಂತು. ಬೇಗ ನಡೆದ ಮಗು ಜಾಣ ಆಗುತ್ತೆ ಅನ್ನೋ ಮಾತನ್ನು ನಾದಿನಿಯವರ ಮನೆಯಲ್ಲೂ ನಂಬಬೇಕಾಗಿಲ್ಲ.

ಇಷ್ಟು ಹೇಳಿದ ಮೇಲೆ, ಕೂಸಿನ ಚಲನೆಗೂ ಮುಂದಿನ ಬೆಳವಣಿಗೆಗೂ ಸಂಬಂಧವೇ ಇಲ್ಲ ಅಂತ ನೀವು ಅಂದುಕೊಂಡರೆ ಅದು ದೊಡ್ಡ ತಪ್ಪಾಗುತ್ತೆ. ಸಂಬಂಧ ಇದೆ, ಬಹಳ ಆಳವಾಗಿ ಇದೆ. ಅದು ಸಿಗುವುದು ತಾರೀಖಿನಲ್ಲಿ ಅಲ್ಲ, ಮಗು ಹೇಗೆ ಅಲುಗಾಡುತ್ತೆ ಅನ್ನುವುದರಲ್ಲಿ.

ಹೈಂಜ್ ಪ್ರೆಕ್ಟಲ್ ಅಂತ ಒಬ್ಬ ವೈದ್ಯರಿದ್ದರು, ಆಸ್ಟ್ರಿಯಾದವರು, ಹೆಚ್ಚು ಕಾಲ ಕೆಲಸ ಮಾಡಿದ್ದು ನೆದರ್‌ಲೆಂಡ್ಸ್‌ನ ಗ್ರೋನಿಂಗನ್‌ನಲ್ಲಿ. ಅವರು ಮಾಡಿದ ಕೆಲಸ ಕೇಳಿದರೆ ಇಷ್ಟೇನಾ ಅನ್ನಿಸುತ್ತೆ. ಮಗುವನ್ನು ಮುಟ್ಟದೆ, ಕರೆಯದೆ, ಗಿಲಕಿ ಆಡಿಸದೆ, ಸುಮ್ನೆ ಬೆನ್ನ ಮೇಲೆ ಮಲಗಿಸಿ ನೋಡುತ್ತಾ ಕೂತರು. ಕೂಸು ಗರ್ಭದಲ್ಲಿ 9-10ನೇ ವಾರದಿಂದಲೇ ಇಡೀ ಮೈ ಅಲುಗಿಸುತ್ತಿರುತ್ತೆ, ತಾಯಿಗೆ ಗೊತ್ತಾಗೋದು ಆಮೇಲೆ. ಹುಟ್ಟಿದ ಮೇಲೆ ಮೊದಲ ಎರಡು ತಿಂಗಳು ಮೈ ಮುರಿದಂತೆ, ಹೊರಳಿದಂತೆ ಇರುವ ಚಲನೆ. ಅವಧಿ ತುಂಬಿ ಹುಟ್ಟಿದ ಮಗುವಿನಲ್ಲಿ ಸುಮಾರು 9 ವಾರದಿಂದ 20 ವಾರದವರೆಗೆ ಬೇರೆಯದೇ ಒಂದು ಆಟ ಶುರುವಾಗುತ್ತೆ. 3 ತಿಂಗಳ ಕೂಸು ಹೊಟ್ಟೆ ತುಂಬಿ, ಎಚ್ಚರವಾಗಿ, ಅಳದೆ ಚಾಪೆ ಮೇಲೆ ಮಲಗಿರುವಾಗ ಹತ್ತಿರ ಕೂತು ನೋಡಿ. ಮಣಿಕಟ್ಟು ಸಣ್ಣಗೆ ತಿರುಗುತ್ತೆ. ಅದು ಮುಗಿಯೋ ಮುಂಚೆ ಪಾದದ ಕೀಲು ತಿರುಗುತ್ತೆ. ಕತ್ತು ಒಂದಿಷ್ಟು ಆಕಡೆ ಈಕಡೆ, ಭುಜ, ಸೊಂಟ, ಮತ್ತೆ ಬೆರಳು. ಎಲ್ಲ ಸಣ್ಣ ಸಣ್ಣ ಚಲನೆ, ಎಲ್ಲ ದಿಕ್ಕಿಗೂ, ವೇಗ ಒಂದೇ ಸಮ ಇರಲ್ಲ, ಒಂದು ಸಲ ಬಂದಂತೆ ಇನ್ನೊಂದು ಸಲ ಬರಲ್ಲ. ಅಜ್ಜಿಯರು "ಕೈಕಾಲು ಆಡಿಸ್ಕೊಂಡು ಆಡ್ತಾ ಇದೆ" ಅಂತ ಹೇಳೋದು ಇದನ್ನೇ. ಪ್ರೆಕ್ಟಲ್ ಇದಕ್ಕೆ ಫಿಜೆಟಿ ಮೂವ್‌ಮೆಂಟ್ ಅಂತ ಹೆಸರಿಟ್ಟರು.

1997ರಲ್ಲಿ ಅವರ ತಂಡ 130 ಶಿಶುಗಳ ಫಲಿತಾಂಶವನ್ನು ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿತು. ಈ ಸಣ್ಣ ಚಲನೆಗಳು ಸರಿಯಾಗಿ ಇದ್ದ ಮಕ್ಕಳು 70. ಅವರಲ್ಲಿ 67 ಮಕ್ಕಳು 2 ವರ್ಷಕ್ಕೆ ನರಗಳ ತೊಂದರೆ ಇಲ್ಲದೆ ಬೆಳೆದಿದ್ದರು. ಈ ಚಲನೆ ಇಲ್ಲದ ಅಥವಾ ಸರಿಯಿಲ್ಲದ ಮಕ್ಕಳು 60. ಅವರಲ್ಲಿ 57 ಮಕ್ಕಳಿಗೆ ತೊಂದರೆ ಇತ್ತು, 49 ಮಕ್ಕಳಿಗೆ ಸೆರೆಬ್ರಲ್ ಪಾಲ್ಸಿ (ಮಿದುಳಿಗಾದ ಪೆಟ್ಟಿನಿಂದ ಮೈಯ ಚಲನೆ, ಭಂಗಿ ಸರಿಯಾಗಿ ಬರದ ತೊಂದರೆ). ಯೋಚನೆ ಮಾಡಿ, ರಕ್ತ ತೆಗೆದಿಲ್ಲ, ಸೂಜಿ ಚುಚ್ಚಿಲ್ಲ, ಕೆಲವೇ ನಿಮಿಷದ ವಿಡಿಯೋ ನೋಡಿ ಹೇಳಿದ್ದು! ಮೊದಲೆಲ್ಲ ಸೆರೆಬ್ರಲ್ ಪಾಲ್ಸಿ ಅಂತ ಹೇಳೋಕೆ ಒಂದೂವರೆ, ಎರಡು ವರ್ಷ ಕಾಯುತ್ತಿದ್ದರು. 2017ರ ಅಂತರರಾಷ್ಟ್ರೀಯ ಮಾರ್ಗಸೂಚಿ ಪ್ರಕಾರ ಈಗ 5 ತಿಂಗಳೊಳಗೇ ಈ ಚಲನೆಯ ಪರೀಕ್ಷೆ, ಎಂಆರ್‌ಐ, ಮತ್ತು ಹ್ಯಾಮರ್‌ಸ್ಮಿತ್ ಅನ್ನೋ ನರಗಳ ಪರೀಕ್ಷೆ ಒಟ್ಟುಗೂಡಿಸಿ ಹೇಳಬಹುದು.

ಯಾಕೆ ಇಷ್ಟು ನಿಖರ? ಆ ವಯಸ್ಸಿನ ಚಲನೆಯನ್ನು ಹುಟ್ಟಿಸೋದು ಬೆನ್ನುಹುರಿ ಮತ್ತು ಮಿದುಳಿನ ಕಾಂಡದ ನರಜಾಲ. ಅದಕ್ಕೆ ಬಗೆಬಗೆಯ ತಿರುವು ಕೊಡೋದು ಮೇಲಿನ ಮಿದುಳು. ಮೇಲಿನಿಂದ ಬರುವ ನರದ ದಾರಿಗೆ ಪೆಟ್ಟಾಗಿದ್ದರೆ ಚಲನೆ ನಿಲ್ಲಲ್ಲ, ಆದರೆ ಅದರಲ್ಲಿರುವ ವೈವಿಧ್ಯ ಹೋಗುತ್ತೆ. ಕೈಕಾಲು ಎಲ್ಲ ಒಟ್ಟಿಗೆ ಸೆಟೆಯುತ್ತೆ, ಒಟ್ಟಿಗೆ ಸಡಿಲವಾಗುತ್ತೆ, ಮತ್ತೆ ಅದೇ. ಸಂಗೀತ ಗೊತ್ತಿರುವವರಿಗೆ ಹೇಳೋದಾದರೆ ಸ್ವರ ಇದೆ, ಗಮಕ ಇಲ್ಲ. ಎನ್‌ಐಸಿಯುನಿಂದ ಮನೆಗೆ ಬಂದ ಮಕ್ಕಳಿಗೆಲ್ಲ 3 ತಿಂಗಳ ಕರೆಕ್ಟೆಡ್ ಏಜ್‌ನಲ್ಲಿ ಈ ಪರೀಕ್ಷೆ ಆಗಬೇಕು ಅಂತ ನನಗೆ ತುಂಬಾ ಆಸೆ. ನಮ್ಮಲ್ಲಿ ಎಲ್ಲ ಕಡೆ ಆಗುತ್ತಿಲ್ಲ, ಅದು ಬೇಜಾರಿನ ವಿಷಯ. ಇದನ್ನು ಓದುತ್ತಿರುವ ಬೇರೆ ಯಾರಿಗಾದರೂ ಚಿಕ್ಕ ಕೂಸಿದ್ದು, ಎನ್‌ಐಸಿಯುನಲ್ಲಿ ಇದ್ದು ಬಂದಿದ್ದರೆ, ದಯವಿಟ್ಟು ಡಾಕ್ಟರನ್ನು ಈ ಪರೀಕ್ಷೆ ಬಗ್ಗೆ ಕೇಳಿ.

ನಿಮ್ಮ ಮಗಳಿಗೆ ಆ ವಯಸ್ಸು ದಾಟಿದೆ. ಈಗ ಅವಳಿಗೆ ಸಲ್ಲುವುದು ಹ್ಯಾಮರ್‌ಸ್ಮಿತ್ ಪರೀಕ್ಷೆ, ಅದನ್ನು 2 ವರ್ಷದವರೆಗೂ ಮಾಡಬಹುದು. 26 ಅಂಶಗಳು, ಒಟ್ಟು 78 ಅಂಕ. ಕಣ್ಣು ಹಿಂಬಾಲಿಸುತ್ತಾ, ಕೈ ಹಿಡಿದು ಎಬ್ಬಿಸಿದರೆ ತಲೆ ಹೇಗೆ ಬರುತ್ತೆ, ತೊಡೆ ಎಷ್ಟು ಅಗಲಿಸುತ್ತೆ, ಬೀಳುವ ಹಾಗೆ ಮಾಡಿದರೆ ಕೈ ಮುಂದೆ ಕೊಡುತ್ತಾ, ಎಡ ಬಲ ಒಂದೇ ಥರ ಇದೆಯಾ, ಹೀಗೆ. ಗೊತ್ತಿರುವವರಿಗೆ ಜಾಸ್ತಿ ಹೊತ್ತು ಬೇಡ. ಮಗುವಿಗೆ ನೋವೂ ಇಲ್ಲ.

ಚಲನೆ ಮತ್ತು ಬೆಳವಣಿಗೆಯ ನಂಟಿಗೆ ಇನ್ನೊಂದು ಮುಖ ಇದೆ, ಅದು ನನಗೆ ತುಂಬಾ ಇಷ್ಟವಾದದ್ದು. ಮಗು ಓಡಾಡೋಕೆ ಶುರು ಮಾಡಿದ ಕೂಡಲೇ ಅದರ ಲೋಕವೇ ಬದಲಾಗುತ್ತೆ, ಆ ಬದಲಾವಣೆಯೇ ಮುಂದಿನ ಕಲಿಕೆಗೆ ದಾರಿ. ಅಮೆರಿಕದ ಮನೋವಿಜ್ಞಾನಿ ಜೋಸೆಫ್ ಕ್ಯಾಂಪೋಸ್ ಎತ್ತರದ ಭಯದ ಬಗ್ಗೆ ಅಧ್ಯಯನ ಮಾಡಿದರು. ಆ ಭಯ ವಯಸ್ಸಿನ ಜೊತೆ ತಾನಾಗಿ ಬರಲ್ಲ, ಮಗು ಸ್ವಂತ ಓಡಾಡಿ ಅನುಭವ ಆದ ಮೇಲೆ ಬರುತ್ತೆ ಅಂತ ತೋರಿಸಿದರು. ಕ್ಯಾರೆನ್ ಅಡಾಲ್ಫ್ ಅನ್ನುವ ಮನೋವಿಜ್ಞಾನಿ ಇಳಿಜಾರು ಹಲಗೆ ಇಟ್ಟು ಮಕ್ಕಳನ್ನು ವಾರ ವಾರ ನೋಡಿದರು. ಹೊಸದಾಗಿ ಅಂಬೆಗಾಲು ಕಲಿತ ಮಗು ಕಡಿದಾದ ಇಳಿಜಾರಿಗೂ ಹಾಗೇ ನುಗ್ಗುತ್ತೆ, ಕೆಳಗೆ ನಿಂತವರು ಹಿಡಿದುಕೊಳ್ಳಬೇಕು. ವಾರಗಳು ಕಳೆದಂತೆ ಅದೇ ಮಗು ಅಂಚಿಗೆ ಬಂದು ನಿಂತು, ಕೈಯಿಂದ ಮುಟ್ಟಿ ನೋಡಿ, ಆಗಲ್ಲ ಅನ್ನಿಸಿದರೆ ಕೂತು ಜಾರುತ್ತೆ ಅಥವಾ ಇಳಿಯಲ್ಲ. ತಮಾಷೆ ಏನೆಂದರೆ, ಆ ಮಗು ನಡೆಯೋಕೆ ಶುರು ಮಾಡಿದ ಮೇಲೆ ಅದೇ ಇಳಿಜಾರಿನ ಮುಂದೆ ನಿಲ್ಲಿಸಿದರೆ ಮತ್ತೆ ಮೊದಲಿನ ಹಾಗೇ ನುಗ್ಗುತ್ತೆ! ಪ್ರತಿ ಹೊಸ ಭಂಗಿಯಲ್ಲೂ ಮಗು ತನ್ನ ಮೈ ಏನು ಮಾಡಬಲ್ಲದು ಅಂತ ಮೊದಲಿಂದ ಕಲಿಯುತ್ತೆ. ಆ ಕಲಿಕೆ ಸುಮ್ನೆ ಬರಲ್ಲ. 12ರಿಂದ 19 ತಿಂಗಳ ಮಕ್ಕಳನ್ನು ಆಟದ ಕೋಣೆಯಲ್ಲಿ ಬಿಟ್ಟು ಲೆಕ್ಕ ಹಾಕಿದಾಗ ಸರಾಸರಿ ಗಂಟೆಗೆ 2368 ಹೆಜ್ಜೆ, 17 ಸಲ ಬೀಳುವುದು. ಮಗು ಬಿದ್ದಾಗಲೆಲ್ಲ ಎತ್ತಿಕೊಳ್ಳುವ ಅಜ್ಜಂದಿರಿಗೆ ಈ ಸಂಖ್ಯೆ ತೋರಿಸಿ.

ಮಾತಿಗೂ ಇದಕ್ಕೂ ಸಂಬಂಧ ಇದೆ. 13 ತಿಂಗಳ ಮಕ್ಕಳನ್ನು ನೋಡಿದ ಅಧ್ಯಯನದಲ್ಲಿ, ನಡೆಯುವ ಮಕ್ಕಳು ದೂರದ ವಸ್ತು ಎತ್ತಿಕೊಂಡು ಬಂದು ಅಮ್ಮನಿಗೆ ತೋರಿಸುವುದು ಜಾಸ್ತಿ. ಹಾಗೆ ತಂದಾಗ ಅಮ್ಮ ಆಡುವ ಮಾತೂ ಬೇರೆ, "ಮುಚ್ಚಳ ತೆಗಿ", "ಅಪ್ಪಂಗೆ ಕೊಡು" ಅನ್ನೋ ಥರದ್ದು. ಕೂತಲ್ಲೇ ಎತ್ತಿ ತೋರಿಸಿದ ಮಗುವಿಗೆ ಇಂಥ ಮಾತು ಅಷ್ಟು ಸಿಗಲ್ಲ. ಹಾಗಾಗಿ ನಡಿಗೆ ಶುರುವಾದ ಹೊತ್ತಿನಲ್ಲಿ ಪದಗಳೂ ಜಾಸ್ತಿ ಆಗುವುದು ಕಾಣುತ್ತೆ. ಇದರಿಂದ ನಿಮಗೆ ಒಂದು ಒಳ್ಳೆ ಸುದ್ದಿ ಇದೆ. ನಿಮ್ಮ ಮಗಳು ಅಂಡು ಸರಿಸಿಕೊಂಡಾದರೂ ಮನೆಯೆಲ್ಲ ಓಡಾಡುತ್ತಾಳೆ ಅಂತ ನೀವೇ ಬರೆದಿದ್ದೀರಿ. ಬೇಕಾದ ಕಡೆ ಹೋಗೋದು, ಹುಡುಕೋದು, ತರೋದು ಎಲ್ಲ ಅವಳಿಗೆ ಸಿಗುತ್ತಿದೆ. ಅದರ ಜೊತೆ ಎರಡೂ ಕೈ ಖಾಲಿ! ಚಲಿಸಲಾರದ ಮಗುವಿಗೆ ಆಗುವ ನಷ್ಟ ಇವಳಿಗೆ ಆಗುತ್ತಿಲ್ಲ. ಅವಳು ಏನಾದರೂ ಹಿಡಿದುಕೊಂಡು ನಿಮ್ಮ ಹತ್ತಿರ ಬಂದರೆ ಕೈಲಿರುವ ಕೆಲಸ ಬಿಟ್ಟು ಅದರ ಬಗ್ಗೆ ಮಾತಾಡಿ.

ನಿಲ್ಲಿಸಲು ಹೋದರೆ ಕಾಲು ಎತ್ತಿಕೊಳ್ಳುತ್ತಾಳೆ ಅಂದಿರಲ್ಲ, ಅದು ಹೀಗೆ ಕೂತು ಸರಿಯುವ ಮಕ್ಕಳಲ್ಲಿ ಬಹಳ ಕಾಣುತ್ತೆ. ಗಾಳಿಯಲ್ಲೇ ಕೂತ ಹಾಗೆ ಇರುತ್ತಾರೆ. ಇಂಥ ಮಕ್ಕಳಿಗೆ ಬೋರಲು ಮಲಗಿಸಿದರೆ ಇಷ್ಟ ಆಗಲ್ಲ, ಸ್ನಾಯುಗಳ ಬಿಗಿ ಸ್ವಲ್ಪ ಕಡಿಮೆ ಇರುತ್ತೆ, ನಡೆಯುವುದೂ ತಡ, ಒಂದೂವರೆ ವರ್ಷ ದಾಟಿ ನಡೆಯುವವರೂ ಉಂಟು. ಮನೆತನದಲ್ಲಿ ಬರುವುದೂ ಇದೆ. ಹಾಗಾಗಿ "ಇವಳಪ್ಪನೂ ಹಿಂಗೇ" ಅನ್ನೋ ನಿಮ್ಮ ಅತ್ತೆಯವರ ಮಾತಿನಲ್ಲಿ ಹುರುಳಿದೆ. "ಸುಮ್ನಿರು" ಅನ್ನುವುದನ್ನು ಮಾತ್ರ ನಾನು ಒಪ್ಪಲ್ಲ. ಯಾಕೆಂದರೆ ಕೂತು ಸರಿಯುವ ಮಕ್ಕಳಲ್ಲಿ ಹೆಚ್ಚಿನವರು ಸರಿಯಾಗೇ ಇರುತ್ತಾರೆ, ಕೆಲವರಲ್ಲಿ ಮಾತ್ರ ಹಿಂದೆ ಒಂದು ಕಾರಣ ಇರುತ್ತೆ, ಅದನ್ನು ಮನೆಯಲ್ಲಿ ಕೂತು ಕಂಡುಹಿಡಿಯಲು ಆಗಲ್ಲ. ಜೊತೆಗೆ ಇವಳು 35 ವಾರಕ್ಕೆ ಹುಟ್ಟಿದವಳು.

ನೀವು ಈಗಲೇ ಗಮನಿಸಬಹುದಾದದ್ದು ಇದೆ. ಸರಿಯುವಾಗ ಯಾವಾಗಲೂ ಒಂದೇ ಕೈ ಊರಿ, ಒಂದೇ ಕಾಲಿನಿಂದ ತಳ್ಳುತ್ತಾಳಾ, ಇನ್ನೊಂದು ಬದಿ ಸುಮ್ಮನೆ ಹಿಂಬಾಲಿಸುತ್ತಾ? ಬಿಸ್ಕತ್ತನ್ನು ಎಡಗಡೆ ಹಿಡಿದು ತೋರಿಸಿದರೂ ಬಲಗೈಯಲ್ಲೇ ಬಾಚುತ್ತಾಳಾ? ಒಂದು ವರ್ಷದೊಳಗೆ ಮಗು ಎಡಚ ಅಥವಾ ಬಲಚ ಅಂತ ಖಚಿತವಾಗಿ ಕಾಣಿಸಿದರೆ ಮನೆಯವರು ಖುಷಿಪಡುತ್ತಾರೆ, ನಾವು ಮಾತ್ರ ಇನ್ನೊಂದು ಕೈಯನ್ನು ಪರೀಕ್ಷೆ ಮಾಡುತ್ತೇವೆ. ಮುಷ್ಟಿ ಬಿಗಿಯೇ ಇರುತ್ತಾ? ಎತ್ತಿಕೊಂಡಾಗ ಕಾಲುಗಳು ಕತ್ತರಿಯಂತೆ ಒಂದರ ಮೇಲೊಂದು ಬರುತ್ತಾ? ಡೈಪರ್ ಹಾಕುವಾಗ ಒಂದು ತೊಡೆ ಅಗಲಿಸೋಕೆ ಕಷ್ಟವಾ? ಅದು ಸೊಂಟದ ಕೀಲಿನ ವಿಷಯ ಇರಬಹುದು. ಎಲ್ಲಕ್ಕಿಂತ ಮುಖ್ಯ, ಮೊದಲು ಮಾಡುತ್ತಿದ್ದುದನ್ನು ಈಗ ಬಿಟ್ಟಿದ್ದಾಳಾ? ಕಲಿತದ್ದು ಕಳೆದುಹೋಗುತ್ತಿದ್ದರೆ ಒಂದು ವಾರವೂ ಕಾಯಬೇಡಿ. ಹೆಸರು ಕರೆದರೆ ತಿರುಗುತ್ತಾಳಾ, "ಬಬಬ" "ದದದ" ಅನ್ನುತ್ತಾಳಾ, ಟಾಟಾ ಮಾಡುತ್ತಾಳಾ ಅಂತಲೂ ನೋಡಿ. ಚಲನೆ ಒಂದೇ ತಡವಾದರೆ ಒಂದು ಕಥೆ, ಚಲನೆ, ಮಾತು, ನೋಟ ಮೂರೂ ತಡವಾದರೆ ಬೇರೆ ಕಥೆ.

ಡಾಕ್ಟರ್ ಹತ್ತಿರ ಹೋದಾಗ ಊಟದ ವಿಷಯ ಖಂಡಿತ ಹೇಳಿ. ನೀವು ಸಸ್ಯಾಹಾರಿ ಆಗಿದ್ದು, ಹಾಲು ಮೊಸರೂ ಕಡಿಮೆ, ಮಗು ಎದೆಹಾಲನ್ನೇ ಜಾಸ್ತಿ ನೆಚ್ಚಿಕೊಂಡಿದ್ದರೆ ವಿಟಮಿನ್ ಬಿ12 ಕಡಿಮೆಯಾಗಿರಬಹುದು. ನಮ್ಮ ದೇಶದಲ್ಲಿ ಇದು ನಿಜವಾಗಿಯೂ ಕಾಣುವ ತೊಂದರೆ. ಮಗು ಮಂಕಾಗುತ್ತೆ, ನಗು ಕಡಿಮೆಯಾಗುತ್ತೆ, ಬೆರಳ ಗೆಣ್ಣುಗಳ ಹತ್ತಿರ ಚರ್ಮ ಕಪ್ಪಾಗುತ್ತೆ, ಕೂದಲು ತೆಳ್ಳಗಾಗುತ್ತೆ, ಕೂರುತ್ತಿದ್ದ ಮಗು ಕೂರುವುದನ್ನು ಬಿಡುತ್ತೆ, ಕೆಲವರಿಗೆ ಕೈ ತಲೆ ನಡುಗುತ್ತೆ. ಬೇಗ ಹಿಡಿದರೆ ಔಷಧಿ ಅಗ್ಗ, ಮಗು ಚೇತರಿಸಿಕೊಳ್ಳುವುದನ್ನು ಕಣ್ಣಾರೆ ನೋಡಬಹುದು. ತಡ ಮಾಡಿದರೆ ಕಲಿಕೆಗೆ ಪೆಟ್ಟು ಉಳಿದುಬಿಡಬಹುದು. ಮುಂಚೆ ಹುಟ್ಟಿದ ಮಕ್ಕಳಲ್ಲಿ ಕಬ್ಬಿಣಾಂಶದ ಸಂಗ್ರಹವೂ ಕಡಿಮೆ, ಹನಿ ಔಷಧಿ ನಿಲ್ಲಿಸಿದ್ದರೆ ಕೇಳಿ. ವಿಟಮಿನ್ ಡಿ ಹನಿ ಮೊದಲ ವರ್ಷ ದಿನಕ್ಕೆ 400 ಯೂನಿಟ್ ಬೇಕು, ಅದು ಕಡಿಮೆಯಾದರೆ ಮೂಳೆ ಮೆತ್ತಗಾಗಿ ನಡಿಗೆ ತಡವಾಗುತ್ತೆ. ಹುಟ್ಟಿದಾಗ ಥೈರಾಯ್ಡ್ ಪರೀಕ್ಷೆ ಆಗಿತ್ತಾ ಅಂತ ಡಿಸ್ಚಾರ್ಜ್ ಕಾಗದದಲ್ಲಿ ನೋಡಿ. ಎನ್‌ಐಸಿಯುನಲ್ಲಿ 5 ದಿನಕ್ಕಿಂತ ಜಾಸ್ತಿ ಇದ್ದ ಮಕ್ಕಳಿಗೆ ಕಿವಿ ಪರೀಕ್ಷೆ ಆಗಲೇಬೇಕು, ನಿಮ್ಮ ಮಗಳು ಒಂದು ವಾರ ಇದ್ದಳು. (ಗಂಡು ಮಗು ಇರುವವರಿಗೆ ಒಂದು ಮಾತು: 18 ತಿಂಗಳಾದರೂ ನಡೆಯದಿದ್ದರೆ ಸಿಕೆ ಅನ್ನೋ ಒಂದು ರಕ್ತಪರೀಕ್ಷೆ ಮಾಡಿಸಿ ಅಂತ ಕೇಳಿ, ಸ್ನಾಯುವಿನ ಒಂದು ಕಾಯಿಲೆ ಅದರಲ್ಲಿ ಬೇಗ ಗೊತ್ತಾಗುತ್ತೆ.)

ವಾಕರ್ ವಿಷಯದಲ್ಲಿ ನನಗೆ ಎರಡು ಮಾತಿಲ್ಲ. ಅದನ್ನು ವಾಪಸ್ ಕೊಡಿ, ಆಗದಿದ್ದರೆ ಅಟ್ಟಕ್ಕೆ ಹಾಕಿ. ಯಾರಿಗೂ ದಾನ ಮಾಡಬೇಡಿ. ಕೆನಡಾದಲ್ಲಿ 2004ರಿಂದ ಅದನ್ನು ಮಾರುವುದೇ ನಿಷೇಧ. ಮೆಟ್ಟಿಲಿಂದ ಉರುಳುತ್ತೆ, ಬಿಸಿ ಸಾರಿನ ಪಾತ್ರೆಗೆ ಕೈ ಹಾಕುವ ಎತ್ತರಕ್ಕೆ ಮಗುವನ್ನು ತಲುಪಿಸುತ್ತೆ, ನಡಿಗೆಯನ್ನು ಬೇಗ ಮಾಡುವ ಬದಲು ತಡ ಮಾಡುತ್ತೆ. ಮಗು ತನ್ನ ತೂಕವನ್ನು ತಾನು ಹೊರಬೇಕು, ತಪ್ಪಬೇಕು, ಸರಿ ಮಾಡಿಕೊಳ್ಳಬೇಕು. ವಾಕರ್ ಅದಕ್ಕೇ ಅಡ್ಡ ಬರುತ್ತೆ.

ಅದರ ಬದಲು ನೆಲ ಕೊಡಿ. ಚಾಪೆ ಹಾಸಿ, ಬರಿಗಾಲು, ಮಂಡಿ ಮುಚ್ಚದ ಬಟ್ಟೆ. ನೀವು ಕಾಲು ಚಾಚಿ ಕೂತು ಅವಳನ್ನು ನಿಮ್ಮ ತೊಡೆಯ ಮೇಲೆ ಅಡ್ಡಡ್ಡ ಬೋರಲು ಹಾಕಿ, ಮುಂದೆ ಸ್ಟೀಲ್ ಲೋಟ ಸ್ಪೂನು ಇಡಿ. ಕೈ ಊರಿ ಆಡಲಿ. ಅತ್ತರೆ ಒಂದು ನಿಮಿಷ ಸಾಕು, ಮತ್ತೆ ಸ್ವಲ್ಪ ಹೊತ್ತು ಬಿಟ್ಟು ಮಾಡಿ. ಗಟ್ಟಿ ದಿಂಬಿನ ಮೇಲೋ ಮಣೆಯ ಮೇಲೋ ಕೂರಿಸಿ, ಪಾದ ನೆಲಕ್ಕೆ ತಾಗಲಿ, ಮುಂದಿನ ದಿವಾನದ ಮೇಲೆ ಇಷ್ಟದ ವಸ್ತು ಇಡಿ. ಎದ್ದು ನಿಲ್ಲಲು ಅವಳೇ ಪ್ರಯತ್ನ ಮಾಡುತ್ತಾಳೆ. ಕಂಕುಳು ಹಿಡಿದು ನಿಲ್ಲಿಸುವುದಕ್ಕಿಂತ ಇದು ಎಷ್ಟೋ ಮೇಲು. ಸ್ನಾನದ ಮುಂಚೆ ಎಣ್ಣೆ ಹಚ್ಚುವುದು ಮುಂದುವರಿಯಲಿ, ಹಿತವಾಗಿರುತ್ತೆ, ಆದರೆ ಕೈಕಾಲು ಎಳೆದು ಜಗ್ಗಿ ತಿರುಚುವುದು ಬೇಡ. ನಾವು ಅಲುಗಾಡಿಸಿದ ಕಾಲಿಗಿಂತ ಮಗು ತಾನೇ ಬೇಕು ಅಂತ ಅಲುಗಾಡಿಸಿದ ಕಾಲು ಮಿದುಳಿಗೆ ಜಾಸ್ತಿ ಕಲಿಸುತ್ತೆ. ಆದರೆ ನಿದ್ದೆಗೆ ಹಾಕುವಾಗ ಬೆನ್ನ ಮೇಲೇ ಮಲಗಿಸಿ.

ಮುಂದಿನ ವರ್ಷಗಳ ಬಗ್ಗೆ ಒಂದು ಮಾತು. ಎಲ್ಲ ಪರೀಕ್ಷೆ ಸರಿ ಬಂದರೂ, ಅವಧಿಗೆ ಮುಂಚೆ ಹುಟ್ಟಿದ ಮಗುವನ್ನು ಶಾಲೆಗೆ ಸೇರುವವರೆಗೂ ಆಗಾಗ ತೋರಿಸುತ್ತಿರಿ. ಶಾಲಾ ವಯಸ್ಸಿನ ಮಕ್ಕಳಲ್ಲಿ ಶೇಕಡಾ 5-6ರಷ್ಟು ಮಂದಿಗೆ ಗುಂಡಿ ಹಾಕುವುದು, ಚೆಂಡು ಹಿಡಿಯುವುದು, ಬರೆಯುವುದು ವಯಸ್ಸಿಗೆ ತಕ್ಕಂತೆ ಬರಲ್ಲ. ಇದಕ್ಕೆ ಡಿಸಿಡಿ ಅಂತಾರೆ. ಮುಂಚೆ ಹುಟ್ಟಿದ ಮಕ್ಕಳಲ್ಲಿ ಇದು ಇನ್ನೂ ಹೆಚ್ಚು. ಅದನ್ನು ಸೋಮಾರಿತನ ಅಂತ ಬೈದು ಹೊಡೆದು ಹಾಳು ಮಾಡಿದ ಮನೆಗಳು, ಶಾಲೆಗಳು ಎಷ್ಟೋ ಇವೆ. ಅಂಬೆಗಾಲಿಗೂ ಅದಕ್ಕೂ ಗಂಟು ಹಾಕಬೇಡಿ. 5 ವರ್ಷಕ್ಕೆ ಅಂಥದ್ದೇನಾದರೂ ಕಂಡರೆ ಆಕ್ಯುಪೇಷನಲ್ ಥೆರಪಿ (ದಿನನಿತ್ಯದ ಕೆಲಸಗಳನ್ನು ಅಭ್ಯಾಸ ಮಾಡಿಸುವ ಚಿಕಿತ್ಸೆ) ಇದೆ.

ಎಲ್ಲಿಗೆ ಹೋಗಬೇಕು? ಲಸಿಕೆ ಹಾಕಿಸುವ ಮಕ್ಕಳ ಡಾಕ್ಟರ್ ಹತ್ತಿರವೇ ಮೊದಲು ಹೋಗಿ. ಅವರು ಮಗುವನ್ನು ನೆಲಕ್ಕೆ ಬಿಟ್ಟು ನೋಡದೆ "ಬರುತ್ತೆ ಬಿಡಿ" ಅಂದರೆ ಇನ್ನೊಬ್ಬರಿಗೆ ತೋರಿಸಿ. ಸರ್ಕಾರದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ, 2013ರಿಂದ ಇರೋದು, ಜಿಲ್ಲಾ ಮಟ್ಟದಲ್ಲಿ ಡಿಇಐಸಿ ಅನ್ನುವ, ಮಕ್ಕಳ ತೊಂದರೆಗೆ ಬೇಗ ಚಿಕಿತ್ಸೆ ಕೊಡುವ ಕೇಂದ್ರಗಳಿವೆ. ಬೆಳವಣಿಗೆ ಪರೀಕ್ಷೆ, ಫಿಸಿಯೋಥೆರಪಿ, ಕಿವಿ ಕಣ್ಣಿನ ತಪಾಸಣೆ ಅಲ್ಲಿ ಉಚಿತ. ನಿಮ್ಮ ಊರಿನ ಆಶಾ ಅಕ್ಕನನ್ನೋ ಅಂಗನವಾಡಿ ಟೀಚರನ್ನೋ ಕೇಳಿದರೆ ದಾರಿ ಹೇಳುತ್ತಾರೆ. ಕಿವಿ ಮಾತಿನ ವಿಷಯಕ್ಕೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ.

ಹೋಗುವ ಮುಂಚೆ ಮನೆಯಲ್ಲೇ ಫೋನಿನಲ್ಲಿ ವಿಡಿಯೋ ಮಾಡಿಕೊಳ್ಳಿ. ಆಸ್ಪತ್ರೆಯಲ್ಲಿ ಮಗು ಅಳುತ್ತೆ, ಏನೂ ತೋರಿಸಲ್ಲ. ಡೈಪರ್ ಒಂದೇ ಇರಲಿ, ಬೆಳಕು ಚೆನ್ನಾಗಿರಲಿ. ಸರಿದುಕೊಂಡು ಹೋಗುವುದನ್ನು ಮುಂದಿನಿಂದ ಒಮ್ಮೆ, ಹಿಂದಿನಿಂದ ಒಮ್ಮೆ ತೆಗೆಯಿರಿ. ಎಡಗಡೆಗೂ ಬಲಗಡೆಗೂ ವಸ್ತು ಕೊಟ್ಟು ಯಾವ ಕೈ ಚಾಚುತ್ತಾಳೆ ಅಂತ ತೆಗೆಯಿರಿ. ಬೋರಲು ಹಾಕಿದಾಗಿನದ್ದು ಅರ್ಧ ನಿಮಿಷ, ನಿಲ್ಲಿಸಲು ಹೋದಾಗ ಕಾಲು ಎತ್ತುವುದು ಒಂದು ಸಲ. ಮಧ್ಯೆ ಮಾತಾಡಿಸಬೇಡಿ, ಹುರಿದುಂಬಿಸಬೇಡಿ. ಇದರ ಜೊತೆ ಎನ್‌ಐಸಿಯು ಡಿಸ್ಚಾರ್ಜ್ ಕಾಗದ, ತಾಯಿ ಕಾರ್ಡ್, ಈವರೆಗಿನ ತೂಕ ಮತ್ತು ತಲೆಯ ಸುತ್ತಳತೆಯ ಲೆಕ್ಕ ತೆಗೆದುಕೊಂಡು ಹೋಗಿ. ನಿಮ್ಮವರನ್ನೂ ಕರೆದುಕೊಂಡು ಹೋಗಿ, ಅವರು ಎಷ್ಟು ತಿಂಗಳಿಗೆ ನಡೆದರು ಅಂತ ಅತ್ತೆಯವರ ಹತ್ತಿರ ಮೊದಲೇ ಕೇಳಿಕೊಂಡಿರಿ. ಡಾಕ್ಟರ್ ಅದನ್ನು ಕೇಳಿಯೇ ಕೇಳುತ್ತಾರೆ.